ಒಂದೇ ಬಳ್ಳಿ, ಬೇರೆ ಬೇರೆ ಹೂ

ಒಂದೇ ತಾಯಿಯ ಒಡಲಲ್ಲಿ ಬೆಳೆದು, ಒಂದೇ ಒಲೆಯ ಅನ್ನವುಂಡು, ಒಂದೇ ಸೂರಿನ ಕೆಳಗೆ ಬೆಳೆಯುವ ಮಕ್ಕಳಲ್ಲಿ ಹಿರಿಯವನು ಕೆಂಪಗೆ, ಎತ್ತರವಾಗಿರುತ್ತಾನೆ. ನಡುವಿನವಳು ಗೋಧಿಬಣ್ಣದ ಗುಂಡುಮುಖದವಳು. ಕಿರಿಯವಳದು ನೀಳ ಮೂಗು, ಗುಂಗುರುಗೂದಲು, ಕಪ್ಪು ಮೈಬಣ್ಣ. ಹೀಗಿರದ ಮನೆಯೇ ಅಪರೂಪ. ‘ಮೂಗು ಅಜ್ಜನದು, ಹಣೆ ಸೋದರತ್ತೆಯದು’ ಎಂದು ಬಂಧುಗಳು ಮಗುವಿನ ಮುಖವನ್ನು ಪಾಲು ಹಚ್ಚುವುದು ನಿರಪಾಯಕರವಾದ ವಿನೋದ. ಆದರೆ ‘ಈ ಬಣ್ಣ ಎಲ್ಲಿಂದ ಬಂತು? ನಮ್ಮ ವಂಶದಲ್ಲಿ ಯಾರೂ ಹೀಗಿಲ್ಲವಲ್ಲ!’ ಎಂಬ ಮಾತು ವಿನೋದವಲ್ಲ. ಅದು ಬಾಣಂತಿಯ ಕಿವಿಗೆ ಬಿದ್ದರೆ ಶೂಲವಾಗುತ್ತದೆ. ಮುಂದೆ ಆ ಹೆಣ್ಣುಮಗುವಿನ ಕಿವಿಗೇ ಬಿದ್ದರೆ ಬಾಳಿಡೀ ಮಾಸದ ಬರೆಯಾಗುತ್ತದೆ. ಆದುದರಿಂದ ಈ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವನ್ನು ಪ್ರತಿಯೊಂದು ಮನೆಯವರೂ ತಿಳಿದಿರುವುದು ಲೇಸು.

ಬಟಾಣಿ ಹೇಳಿದ ಗುಟ್ಟು

ಹಾಲೂ ಡಿಕಾಕ್ಷನ್ನೂ ಬೆರೆತು ಕಾಫಿಯಾಗುವಂತೆ ತಂದೆತಾಯಿಗಳ ಗುಣಗಳು ಬೆರೆತು ಮಗುವಾಗುತ್ತದೆ ಎಂದು ಹಿಂದಿನವರು ಭಾವಿಸಿದ್ದರು. ಅದು ನಿಜವಾಗಿದ್ದ ಪಕ್ಷದಲ್ಲಿ ಒಂದೇ ಪಾತ್ರೆಯಿಂದ ಬಗ್ಗಿಸಿದ ಕಾಫಿಯ ಲೋಟಗಳಂತೆ ಮಕ್ಕಳೆಲ್ಲರ ಬಣ್ಣವೂ ಒಂದೇ ಆಗಿರಬೇಕಿತ್ತು.

ಈ ಭಾವನೆಯನ್ನು ಅಳಿಸಿದವನು ಗ್ರೆಗರ್ ಮೆಂಡೆಲ್ ಎಂಬ ಕ್ರೈಸ್ತ ಸನ್ಯಾಸಿ. ಇಂದಿನ ಝೆಕ್ ದೇಶಕ್ಕೆ ಸೇರಿದ ಬ್ರನೋ ನಗರದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಅವನು ಬಟಾಣಿ ಗಿಡಗಳನ್ನು ಬೆಳೆಸಿ ಪರೀಕ್ಷಿಸಿದನು. ಎತ್ತರದ ಗಿಡವನ್ನೂ ಗಿಡ್ಡ ಗಿಡವನ್ನೂ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ಎತ್ತರವಾಗಿಯೇ ಬೆಳೆದುವು. ಗಿಡ್ಡತನ ಅಳಿಯಿತೆನ್ನುವಷ್ಟರಲ್ಲಿ ಮುಂದಿನ ಪೀಳಿಗೆಯ 1,064 ಗಿಡಗಳಲ್ಲಿ 277 ಗಿಡ್ಡವಾಗಿ ತಲೆಯೆತ್ತಿದುವು! ಗುಣವು ಅಳಿದಿರಲಿಲ್ಲ, ಮರೆಯಾಗಿತ್ತು. 1866ರಲ್ಲಿ ಅಚ್ಚಾದ ಈ ಸಂಗತಿಯನ್ನು ಆಗ ಹೆಚ್ಚು ಜನ ಗಮನಿಸಲಿಲ್ಲ. 1884ರಲ್ಲಿ ಮೆಂಡೆಲ್ ತೀರಿಕೊಂಡನು. 1900ರಲ್ಲಿ ಲೋಕ ಅವನನ್ನು ಮತ್ತೆ ಕಂಡುಕೊಂಡಿತು. ತಂದೆತಾಯಿಗಳಿಬ್ಬರಲ್ಲೂ ಕಾಣದ ಅಜ್ಜಿಯ ಲಕ್ಷಣ ಮೊಮ್ಮಗಳಲ್ಲಿ ಮೂಡುವ ಬಗೆಗೆ ಈ ಬಟಾಣಿಯೇ ಸಾಕ್ಷಿ.

ಎಪ್ಪತ್ತು ಲಕ್ಷ ಕೋಟಿ ಬಗೆ

ಮನುಷ್ಯನ ಜೀವಕೋಶದಲ್ಲಿ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ರೂಪಲಕ್ಷಣಗಳನ್ನು ಹೊತ್ತು ತರುವ ಜೀನ್‌ಗಳು ಈ ತಂತುಗಳಲ್ಲಿವೆ. ಅಂಡಾಣು ಇಲ್ಲವೆ ವೀರ್ಯಾಣು ಸಿದ್ಧವಾಗುವಾಗ ಪ್ರತಿ ಜೊತೆಯಿಂದಲೂ ಒಂದೊಂದು ಮಾತ್ರ ಅದಕ್ಕೆ ಸಲ್ಲುತ್ತದೆ. ಯಾವುದು ಸಲ್ಲಬೇಕೆಂಬುದು ಕೇವಲ ಆಕಸ್ಮಿಕ.

ಈ ಆಯ್ಕೆ 23 ಸಲ ನಡೆಯುವುದರಿಂದ ಒಬ್ಬ ತಾಯಿಯ ಅಂಡಾಣುಗಳಲ್ಲಿ 83,88,608 ಬಗೆಯ ಜೋಡಣೆಗಳು ಸಾಧ್ಯ. ತಂದೆಯಲ್ಲಿಯೂ ಅಷ್ಟೆ. ಎರಡನ್ನೂ ಗುಣಿಸಿದರೆ ಒಂದೇ ದಂಪತಿಗಳಿಗೆ 70 ಲಕ್ಷ ಕೋಟಿಗೂ ಮಿಕ್ಕಿದ ಬಗೆಯ ಮಕ್ಕಳು ಹುಟ್ಟಬಹುದೆಂದಾಯಿತು! ಇದಲ್ಲದೆ, ಬೇರ್ಪಡುವ ಮುನ್ನ ಜೊತೆಯ ತಂತುಗಳು ತಮ್ಮ ತುಂಡುಗಳನ್ನು ಪರಸ್ಪರ ಬದಲಾಯಿಸಿಕೊಳ್ಳುವುದೂ ಉಂಟು. ಒಡಹುಟ್ಟಿದವರಿಗೆ ಸರಾಸರಿಯಲ್ಲಿ ಅರ್ಧದಷ್ಟು ಆನುವಂಶಿಕ ಆಸ್ತಿ ಸಮಾನ. ಆದರೆ 2006ರಲ್ಲಿ 4,401 ಜೊತೆ ಒಡಹುಟ್ಟಿದವರನ್ನು ಪರೀಕ್ಷಿಸಿದಾಗ ಈ ಪಾಲು ಸುಮಾರು ನೂರಕ್ಕೆ 37ರಿಂದ 62ರವರೆಗೆ ಹರಡಿದ್ದುದು ಕಂಡುಬಂತು. ಅಣ್ಣನನ್ನು ಹೋಲುವ ಒಬ್ಬ ತಮ್ಮ, ಅಣ್ಣನಿಗೆ ಅಪರಿಚಿತನಂತೆ ಕಾಣುವ ಇನ್ನೊಬ್ಬ ತಮ್ಮ ಒಂದೇ ಮನೆಯಲ್ಲಿರುವುದು ಸೋಜಿಗವೇನೂ ಅಲ್ಲ.

ಬಣ್ಣದ ಮಾತು

ಮೈಬಣ್ಣವನ್ನು ನಿರ್ಣಯಿಸುವ ಜೀನ್ ಒಂದೇ ಅಲ್ಲ, ಹಲವು. ಅವುಗಳಲ್ಲಿ ಮುಖ್ಯವಾದ ಒಂದರ ಕೆಲಸ 2005ರಲ್ಲಿ ಪಟ್ಟೆಗಳುಳ್ಳ ಜೀಬ್ರಾ ಮೀನಿನ ಅಧ್ಯಯನದಿಂದ ಬೆಳಕಿಗೆ ಬಂದಿತು. ಅದರ ಒಂದು ರೂಪ ಬಣ್ಣವನ್ನು ತಿಳಿಯಾಗಿಸುತ್ತದೆ. ಈ ರೂಪ ಭಾರತದಲ್ಲಿ ವ್ಯಾಪಕವಾಗಿದೆಯೆಂದೂ ದಕ್ಷಿಣ ಭಾರತೀಯರ ಬಣ್ಣದ ವ್ಯತ್ಯಾಸದಲ್ಲಿ ಅದಕ್ಕೆ ಗಣನೀಯ ಪಾಲುಂಟೆಂದೂ 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು ಅದರಲ್ಲಿ ಪಾಲುಗೊಂಡಿದ್ದರು.

ಗೋಧಿಬಣ್ಣದ ದಂಪತಿಗಳಿಬ್ಬರಲ್ಲೂ ಈ ರೂಪದ ಒಂದೊಂದು ಪ್ರತಿಯಿದೆಯೆನ್ನೋಣ. ಅವರ ಒಂದು ಮಗುವಿಗೆ ಎರಡೂ ಪ್ರತಿಗಳು ದೊರೆಯಬಹುದು, ಇನ್ನೊಂದಕ್ಕೆ ಒಂದು ದೊರೆಯಬಹುದು, ಮತ್ತೊಂದಕ್ಕೆ ಒಂದೂ ದೊರೆಯದಿರಬಹುದು. ಉಳಿದ ಜೀನ್‌ಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಹೀಗೆ ತಂದೆತಾಯಿಗಳಿಬ್ಬರಿಗಿಂತಲೂ ಕಪ್ಪಾದ ಮಗು, ಇಬ್ಬರಿಗಿಂತಲೂ ಬೆಳ್ಳಗಿನ ಮಗು ಒಂದೇ ತೊಟ್ಟಿಲಲ್ಲಿ ಆಡಬಹುದು. ಇದು ತಾಯಿಯ ಅಪರಾಧವಲ್ಲ, ಗ್ರಹಣದ ದೋಷವಲ್ಲ, ಬಸುರಿನಲ್ಲಿ ಕೇಸರಿಹಾಲು ಕುಡಿಯದಿದ್ದುದರ ಫಲವೂ ಅಲ್ಲ.

ಬೀಜ ಮತ್ತು ನೆಲ

ಹಾಗೆಂದು ರೂಪವೆಲ್ಲ ಹುಟ್ಟಿನೊಡನೆಯೇ ಬರೆದಿಟ್ಟದ್ದೆನ್ನಲಾಗದು. ಒಂದೇ ಅಂಡಾಣು ಎರಡಾಗಿ ಒಡೆದು ಹುಟ್ಟುವ ತದ್ರೂಪಿ ಅವಳಿಗಳನ್ನು ನೋಡಿರಿ. ಅವರ ಆನುವಂಶಿಕ ಆಸ್ತಿ ಹೆಚ್ಚು ಕಡಿಮೆ ಒಂದೇ. ಆದರೂ ಇಬ್ಬರ ಬೆರಳಚ್ಚುಗಳು ಬೇರೆ ಬೇರೆ. ಗರ್ಭದೊಳಗಿನ ಸಣ್ಣ ಸಣ್ಣ ವ್ಯತ್ಯಾಸಗಳೇ ಅವನ್ನು ಬೇರೆಯಾಗಿಸುತ್ತವೆ. ಒಬ್ಬನು ಹೊಲದ ಬಿಸಿಲಲ್ಲಿ, ಇನ್ನೊಬ್ಬನು ಕಛೇರಿಯ ನೆರಳಲ್ಲಿ ಹತ್ತು ವರ್ಷ ದುಡಿದರೆ ಮೈಬಣ್ಣವೂ ಬೇರೆಯಾಗುತ್ತದೆ.

ಎತ್ತರದ ವಿಷಯವಂತೂ ಇನ್ನೂ ಸ್ಪಷ್ಟ. ಸುಮಾರು 54 ಲಕ್ಷ ಜನರನ್ನು ಕುರಿತು 2022ರಲ್ಲಿ ಹೊರಬಂದ ಅಧ್ಯಯನವು ಎತ್ತರಕ್ಕೆ ಸಂಬಂಧಿಸಿದ 12,000ಕ್ಕೂ ಹೆಚ್ಚು ಆನುವಂಶಿಕ ವ್ಯತ್ಯಾಸಗಳನ್ನು ಗುರುತಿಸಿತು. ಆದರೂ ದಕ್ಷಿಣ ಕೊರಿಯಾದಲ್ಲಿ 1896ರಲ್ಲಿ ಹುಟ್ಟಿದ ಹೆಂಗಸರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರಿನಷ್ಟು ಎತ್ತರವಾಗಿದ್ದಾರೆ. ನೂರು ವರ್ಷಗಳಲ್ಲಿ ಬೀಜ ಅಷ್ಟೊಂದು ಬದಲಾಗದು. ಬದಲಾದುದು ನೆಲ, ಎಂದರೆ ಆಹಾರ, ಆರೋಗ್ಯ, ಜೀವನಕ್ರಮ.

ಮನೆಯವರೇ ಮಾಡುವ ಭೇದ

ಇಲ್ಲಿ ನಮ್ಮ ದೇಶದ ತಂದೆತಾಯಿಗಳು ಮನಗೊಟ್ಟು ಕೇಳಬೇಕಾದ ಸಂಗತಿಯೊಂದಿದೆ. ಸೀಮಾ ಜಯಚಂದ್ರನ್ ಮತ್ತು ರೋಹಿಣಿ ಪಾಂಡೆ ಎಂಬ ಅರ್ಥಶಾಸ್ತ್ರಜ್ಞೆಯರು ಭಾರತ ಮತ್ತು ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ದೇಶಗಳ 1,68,000ಕ್ಕೂ ಹೆಚ್ಚು ಮಕ್ಕಳ ಎತ್ತರವನ್ನು ಹೋಲಿಸಿ, ಫಲಿತಾಂಶವನ್ನು 2017ರಲ್ಲಿ ಪ್ರಕಟಿಸಿದರು. ಭಾರತದ ಚೊಚ್ಚಲ ಗಂಡುಮಕ್ಕಳು ಎತ್ತರದಲ್ಲಿ ಹಿಂದೆ ಬಿದ್ದಿರಲಿಲ್ಲ. ಆದರೆ ಎರಡನೆಯ, ಮೂರನೆಯ ಮಗುವಿನ ಹೊತ್ತಿಗೆ ಆಫ್ರಿಕದ ಮಕ್ಕಳ ಎದುರು ನಮ್ಮ ಮಕ್ಕಳ ಕೊರತೆ ತೀವ್ರವಾಗಿ ಹೆಚ್ಚುತ್ತಿತ್ತು. ಹಿರಿಯ ಮಗನ ಮೇಲಿನ ಪಕ್ಷಪಾತವೇ ಇದಕ್ಕೆ ಕಾರಣವೆಂದು ಅವರು ವಾದಿಸುತ್ತಾರೆ. ಗಂಡುಮಗುವಿನ ಹಂಬಲ ಹೆಚ್ಚಿರುವ ಪ್ರದೇಶಗಳಲ್ಲಿ ಈ ಇಳಿಜಾರು ಇನ್ನೂ ಕಡಿದಾಗಿರುವುದನ್ನು ತೋರಿಸಿದ್ದಾರೆ.

ಅಂದಮೇಲೆ ಒಡಹುಟ್ಟಿದವರ ನಡುವಣ ವ್ಯತ್ಯಾಸಗಳಲ್ಲಿ ಎರಡು ಬಗೆ. ವರ್ಣತಂತುಗಳ ಹಂಚಿಕೆಯಿಂದ ಬಂದುದು ಒಂದು ಬಗೆ. ಅದರಲ್ಲಿ ಹಿರಿಯ ಕಿರಿಯರೆಂಬ, ಗಂಡು ಹೆಣ್ಣೆಂಬ ಪಕ್ಷಪಾತವಿಲ್ಲ. ಅದಕ್ಕಾಗಿ ಯಾರನ್ನೂ ದೂರಬೇಕಾದುದಿಲ್ಲ. ಇನ್ನೊಂದು ಬಗೆ ಅಡಿಗೆಮನೆಯ ಹಂಚಿಕೆಯಿಂದ ಬಂದುದು. ಯಾರ ಲೋಟಕ್ಕೆ ಕೆನೆಹಾಲು, ಯಾರ ತಟ್ಟೆಗೆ ಕೊನೆಯ ತುತ್ತು, ಯಾರ ಜ್ವರಕ್ಕೆ ಆ ದಿನವೇ ವೈದ್ಯರು, ಯಾರ ಜ್ವರಕ್ಕೆ ‘ನಾಳೆ ನೋಡೋಣ’ ಎಂಬ ಮಾತು, ಇವೆಲ್ಲವೂ ಮಕ್ಕಳ ಮೈಯಲ್ಲಿ ಬರೆದು ನಿಲ್ಲುತ್ತವೆ. ಮೊದಲನೆಯ ಹಂಚಿಕೆ ಮನುಷ್ಯರ ಕೈಯಲ್ಲಿಲ್ಲ. ಎರಡನೆಯದು ಸಂಪೂರ್ಣವಾಗಿ ಮನೆಯವರ ಕೈಯಲ್ಲಿದೆ. ಮಗಳ ಬಣ್ಣ ಎಲ್ಲಿಂದ ಬಂತೆಂದು ಹುಡುಕುವ ಬದಲು ಅವಳ ತಟ್ಟೆಗೆ ಏನು ಬಿತ್ತೆಂದು ನೋಡುವ ಮನೆಯಲ್ಲಿ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿದ್ದರೂ ಎಲ್ಲರೂ ಚೆನ್ನಾಗಿ ಬೆಳೆದಾರು.