ರಸೀದಿ ಇಲ್ಲದ ವಂತಿಗೆ

ರಮಝಾನ್ ಬಂತೆಂದರೆ ನಮ್ಮ ಮಸೀದಿಗಳ ಗೇಟಿನ ಹತ್ತಿರ ರಸೀದಿ ಪುಸ್ತಕ ಹಿಡಿದು ನಿಂತವರು ಕಾಣಸಿಗುತ್ತಾರೆ. ಯತೀಂಖಾನಕ್ಕೆ, ಮದ್ರಸಕ್ಕೆ, ದರ್ಸ್ ಮಕ್ಕಳ ಊಟಕ್ಕೆ, ಬಡ ಹೆಣ್ಣುಮಕ್ಕಳ ಮದುವೆಗೆ, ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗೆ ಅಂತ ಒಬ್ಬೊಬ್ಬರದ್ದು ಒಂದೊಂದು ಕಾರಣ. ನೂರು ರೂಪಾಯಿ ಕೊಟ್ಟರೆ ನಮ್ಮ ಹೆಸರು ಬರೆದು ರಸೀದಿ ಹರಿದು ಕೊಡುತ್ತಾರೆ. ನಾವು ಅದನ್ನು ಕಿಸೆಗೆ ಹಾಕಿ ಮನೆಗೆ ಹೋಗುತ್ತೇವೆ, ಮಗ್ರಿಬ್ ಬಾಂಗ್ ಆಗುವಾಗ ಮಕ್ಕಳ ಜೊತೆ ಕೂತು ಉಪವಾಸ ತೊರೆಯುತ್ತೇವೆ. ರಸೀದಿ ಬರೆದವರ ಮಕ್ಕಳು ಆ ಹೊತ್ತಿಗೆ ಯಾರ ಜೊತೆ ಕೂತಿರುತ್ತಾರೆ ಎಂಬ ಪ್ರಶ್ನೆ ಹೆಚ್ಚಾಗಿ ನಮಗೆ ಬರುವುದಿಲ್ಲ.

ಗದಗ ಜಿಲ್ಲೆಯ ರೋಣ ತಾಲೂಕಿನಲ್ಲಿ ಅಸೂಟಿ ಅಂತ ಒಂದು ಊರುಂಟು. ಅಂಥ ಒಂದು ಊರಿನಿಂದ ಒಬ್ಬ ಉಸ್ತಾದರು ಸಣ್ಣ ಮದ್ರಸವೊಂದಕ್ಕೆ ವಂತಿಗೆ ಎತ್ತಲು ಮಂಗಳೂರಿಗೆ ಹೊರಟರು ಅಂತ ಇಟ್ಟುಕೊಳ್ಳೋಣ. ಅದು ಮಳೆಯನ್ನೇ ನಂಬಿದ ಎರೆಭೂಮಿಯ ಸೀಮೆ. ಒಂದು ವರ್ಷ ಬರ ಬಂದರೆ ಇನ್ನೊಂದು ವರ್ಷ ಮಲಪ್ರಭೆಯ ನೆರೆ. 2009ರಲ್ಲಿ, ಮತ್ತೆ 2019ರಲ್ಲಿ ರೋಣ, ನರಗುಂದ ತಾಲೂಕುಗಳ ನದಿದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಅಲ್ಲಿನವರಿಗೆ ಕೊಡುವ ಮನಸ್ಸು ಇದ್ದರೂ ಕೈಯಲ್ಲಿ ಇರುವುದಿಲ್ಲ. ಹಾಗಾಗಿ ಕೈ ಸ್ವಲ್ಪ ಸಡಿಲ ಇರುವ ಕರಾವಳಿಗೆ, ಬೆಂಗಳೂರಿಗೆ, ಸಾಧ್ಯವಾದರೆ ಗಲ್ಫಿಗೆ ಹೋಗಬೇಕು. ಊರು ಬಡವಾದಷ್ಟೂ ವಂತಿಗೆಗೆ ಹೋಗುವವನ ದಾರಿ ಉದ್ದವಾಗುತ್ತದೆ. ದಾರಿ ಉದ್ದವಾದಷ್ಟೂ ಅವನ ಮನೆಯಲ್ಲಿ ಅವನು ಇಲ್ಲದ ದಿನಗಳು ಹೆಚ್ಚಾಗುತ್ತವೆ. ಎಲ್ಲರೂ ಊರಿಗೆ ಮರಳುವ ರಮಝಾನ್ ತಿಂಗಳಲ್ಲೇ ಅವನು ಊರು ಬಿಡಬೇಕು.

ಇದು ಬರೇ ಘಟ್ಟದ ಮೇಲಿನವರ ಕಥೆಯಲ್ಲ. ದಾನ ಸಂಗ್ರಹ ಎಂಬುದು ಈಗ ನಮ್ಮಲ್ಲೂ ಪೂರ್ತಿ ಹೊತ್ತಿನ ಕೆಲಸವಾಗಿದೆ. ಶಿಕ್ಷಣ ಸಂಸ್ಥೆಗಳಿಗೆ, ಟ್ರಸ್ಟುಗಳಿಗೆ ಇದಕ್ಕೆಂದೇ ಜನ ಇದ್ದಾರೆ. ವರ್ಷಕ್ಕೆ ಎರಡು ಮೂರು ಸಲ ದುಬೈ, ದಮ್ಮಾಮ್, ಮಸ್ಕತ್ ಅಂತ ಓಡಾಡುವವರಿದ್ದಾರೆ. ಆಸ್ಪತ್ರೆ ಬಿಲ್ಲಿನ ಫೋಟೊ ಹಿಡಿದು ರಾತ್ರಿ ಹನ್ನೊಂದಕ್ಕೆ ಹತ್ತು ವಾಟ್ಸ್‌ಆಪ್ ಗ್ರೂಪಿಗೆ ಸಂದೇಶ ಹಾಕುವ ಯುವಕರಿದ್ದಾರೆ. ವೆನ್ಲಾಕ್ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ನಿಂತವರಿಗೆ ರಾತ್ರಿ ಊಟ ಕೊಡುವ ಎಂ. ಫ್ರೆಂಡ್ಸ್ ಟ್ರಸ್ಟಿನ ‘ಕಾರುಣ್ಯ’ದಂಥ ಯೋಜನೆಗಳಿವೆ. ಹಸಿವಿಗೆ ಆದಿತ್ಯವಾರ ಇಲ್ಲ. ಇಂಥ ಕೆಲಸಕ್ಕೆ ಹಣ ಹೊಂದಿಸುವವರಿಗೂ ಇರುವುದಿಲ್ಲ.

ಮನೆಯವರ ಕಡೆಯಿಂದ ನೋಡಿದರೆ ಇದು ಬೇರೆ ಥರ ಕಾಣುತ್ತದೆ. ಊಟಕ್ಕೆ ಕೂತಾಗ ಫೋನ್ ಬರ್ತದೆ. ಎತ್ತದಿದ್ದರೆ ಯಾರದೋ ಜೀವದ ಪ್ರಶ್ನೆ, ಎತ್ತಿದರೆ ಅನ್ನ ತಣಿಯುತ್ತದೆ. ಮಗಳ ಶಾಲೆಯ ಮೀಟಿಂಗಿಗೆ ಉಮ್ಮ ಒಬ್ಬರೇ ಹೋಗುತ್ತಾರೆ. ಬೇರೆ ಕೆಲಸವಾಗಿದ್ದರೆ ಹೆಂಡತಿ ಧೈರ್ಯವಾಗಿ ಜಗಳ ಮಾಡಬಹುದಿತ್ತು. ಇದು ಸವಾಬ್‌ನ ಕೆಲಸ. ‘ಯತೀಮರಿಗೆ ಹೋಗಬೇಡಿ’ ಅಂತ ಹೇಗೆ ಹೇಳುವುದು? ಹೇಳಿದರೆ ತಾನೇ ಪಾಪ ಮಾಡಿದ ಹಾಗೆ ಅನಿಸುತ್ತದೆ. ಹಾಗಾಗಿ ಅವರು ಸುಮ್ಮನಿರುತ್ತಾರೆ. ಆ ಮೌನವನ್ನು ನಾವು ಒಪ್ಪಿಗೆ ಅಂತ ತಿಳಿದುಕೊಳ್ಳುತ್ತೇವೆ. ಹೊರಗೆ ಸಂಗ್ರಹವಾಗುವ ಪ್ರತಿ ಸಾವಿರ ರೂಪಾಯಿಯ ಹಿಂದೆ ಆ ಮನೆಯವರು ಕೊಟ್ಟ ಸಮಯ ಉಂಟು. ಅದೇ ಮೊದಲ ವಂತಿಗೆ. ಅದಕ್ಕೆ ಯಾರೂ ರಸೀದಿ ಬರೆಯುವುದಿಲ್ಲ.

ಈ ಇಕ್ಕಟ್ಟಿಗೆ ಒಂದು ಪರಿಹಾರ ಅಸೂಟಿಯ ಜಿಲ್ಲಾ ಕೇಂದ್ರದಲ್ಲೇ ಕಾಣಸಿಗುತ್ತದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರು ಸಂಗೀತ ಬಲ್ಲವರಿಗೆಲ್ಲ ಗೊತ್ತು. ಕಣ್ಣಿಲ್ಲದ, ಬಡ ಮಕ್ಕಳಿಗೆ ಅನ್ನ ಕೊಟ್ಟು ಸಂಗೀತ ಕಲಿಸುವ ಈ ಸಂಸ್ಥೆಯನ್ನು ಕಟ್ಟಿದವರು ಪಂಚಾಕ್ಷರಿ ಗವಾಯಿಗಳು (1892-1944). ಸ್ವತಃ ಕಣ್ಣಿಲ್ಲದವರು. ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗಿ, ಸಿಕ್ಕಿದ ಭಿಕ್ಷೆಯಲ್ಲಿ ಮಕ್ಕಳನ್ನು ಸಾಕಿದರು. ಅವರ ನಂತರ ಬಂದ ಪುಟ್ಟರಾಜ ಗವಾಯಿಗಳು (1914-2010) ಆಶ್ರಮದ ಒಲೆ ಉರಿಯಲೆಂದು ನಾಟಕ ಕಂಪೆನಿ ನಡೆಸಿದರು. ಭಕ್ತರು ತುಲಾಭಾರ ಮಾಡಿದಾಗ ಬಂದ ನಾಣ್ಯವೂ ಆ ಮಕ್ಕಳ ತಟ್ಟೆಗೇ ಹೋಯಿತು. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಇವರಿಬ್ಬರೂ ಸಂಸಾರ ಕಟ್ಟಿಕೊಂಡವರಲ್ಲ. ಆಶ್ರಮದ ಮಕ್ಕಳೇ ಅವರ ಮನೆ. ಕಾಯುವ ಹೆಂಡತಿ ಇಲ್ಲ, ಕೇಳುವ ಮಗ ಇಲ್ಲ. ಇಡೀ ಜೀವ ಒಂದೇ ಕೆಲಸಕ್ಕೆ ಕೊಡಲು ಅವರಿಗೆ ಸಾಧ್ಯವಾಯಿತು.

ಅದು ದೊಡ್ಡ ದಾರಿ, ಗೌರವಿಸಬೇಕಾದ ದಾರಿ. ಆದರೆ ನಮ್ಮ ಉಸ್ತಾದರು, ನಮ್ಮ ಟ್ರಸ್ಟಿನ ಯುವಕರು ಸನ್ಯಾಸಿಗಳಲ್ಲ. ನಿಖಾಹ್ ಆದವರು, ಮಕ್ಕಳಿದ್ದವರು. ಸನ್ಯಾಸಿಯಿಂದ ನಿರೀಕ್ಷಿಸುವಷ್ಟನ್ನು ಸಂಸಾರಿಯಿಂದ ನಿರೀಕ್ಷಿಸಿದರೆ ಅದರ ಬೆಲೆಯನ್ನು ಅವನಲ್ಲ, ಅವನ ಮನೆಯವರು ತೆರುತ್ತಾರೆ.

ಸಂಸಾರಿಯೊಬ್ಬರು ಈ ಕೆಲಸ ಮಾಡಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಹರೇಕಳ ಹಾಜಬ್ಬರು ನಮ್ಮವರೇ. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಹಣ್ಣಿನ ಬೆಲೆ ಕೇಳಿದಾಗ ಭಾಷೆ ತಿಳಿಯದೆ ಉತ್ತರಿಸಲಾಗದ ನೋವು ಅವರನ್ನು ಶಾಲೆಯ ಕನಸಿಗೆ ತಂದದ್ದು ಈಗ ಮಕ್ಕಳಿಗೂ ಗೊತ್ತಿರುವ ಕಥೆ. ಮದ್ರಸದ ಕೋಣೆಯಲ್ಲಿ 28 ಮಕ್ಕಳೊಂದಿಗೆ ಶುರುವಾದ ನ್ಯೂಪಡ್ಪು ಶಾಲೆ ಸ್ವಂತ ಜಾಗ, ಕಟ್ಟಡ ಕಂಡು ಹೈಸ್ಕೂಲಿನವರೆಗೆ ಬೆಳೆಯಿತು. ಹಗಲು ಹಣ್ಣು ಮಾರಾಟ, ನಡುವೆ ಬಿಡುವು ಮಾಡಿ ಕಚೇರಿಯಿಂದ ಕಚೇರಿಗೆ ಅಲೆದಾಟ, ದಾನಿಗಳ ಬಾಗಿಲು, ಅರ್ಜಿ, ಮತ್ತೆ ಅರ್ಜಿ. ಪ್ರಶಸ್ತಿಗಳ ಜೊತೆ ಬಂದ ಹಣವನ್ನೂ ಶಾಲೆಗೇ ಹಾಕಿದರು. 2020ರ ಜನವರಿಯಲ್ಲಿ ಪದ್ಮಶ್ರೀ ಬಂದ ಸುದ್ದಿ ಮುಟ್ಟಿದಾಗ ಅವರು ರೇಶನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲೇ ನಡೆದು ಹೋಗಿ ಅದನ್ನು ಸ್ವೀಕರಿಸಿದರು.

ಆ ರೇಶನ್ ಸಾಲನ್ನು ನಾವು ಸರಳತೆಯ ಗುರುತು ಅಂತ ಹೊಗಳುತ್ತೇವೆ. ಅದು ಒಂದು ಮನೆಯ ಲೆಕ್ಕವೂ ಹೌದು. ದಿನದ ದುಡಿಮೆಯೇ ಅಷ್ಟಕ್ಕಷ್ಟೆ. ಅದರಲ್ಲಿ ಶಾಲೆಗೆ ಪಾಲು ಹೋದಾಗ ಅಡುಗೆಮನೆಯಲ್ಲಿ ಕಡಿಮೆಯಾಗುತ್ತದೆ. ಮೊದಮೊದಲು ಮನೆಯಾಕೆ ಬೇಸರಪಟ್ಟಿದ್ದರು, ನಮ್ಮ ಮಕ್ಕಳಿಗೇನು ಅಂತ ಕೇಳಿದ್ದರು, ಆಮೇಲೆ ಅವರೇ ಬೆಂಬಲಕ್ಕೆ ನಿಂತರು ಎಂಬುದನ್ನೂ ಹಾಜಬ್ಬರ ಕುರಿತ ವರದಿಗಳಲ್ಲಿ ಓದಿದ್ದೇವೆ. ಆ ಬೇಸರ ನ್ಯಾಯವಾದದ್ದೇ. ಆ ಬೆಂಬಲ ಶಾಲೆಯ ಒಂದು ಗೋಡೆಯಷ್ಟೇ ಗಟ್ಟಿಯಾದ ದಾನ. ಹಾಜಬ್ಬರಿಗೆ ಶಾಲು ಹೊದಿಸಿದ ವೇದಿಕೆಗಳು ಲೆಕ್ಕವಿಲ್ಲದಷ್ಟು. ಅವರ ಮನೆಯವರನ್ನು ನೆನೆದ ವೇದಿಕೆಗಳೆಷ್ಟು?

ಧರ್ಮ ಈ ವಿಷಯದಲ್ಲಿ ನಮ್ಮನ್ನು ಕತ್ತಲಲ್ಲಿ ಬಿಟ್ಟಿಲ್ಲ. ಸಲ್ಮಾನುಲ್ ಫಾರಿಸಿ ಮತ್ತು ಅಬುದ್ದರ್ದಾಅ್ ಅವರ ಘಟನೆ ವಅಳ್‌ಗಳಲ್ಲಿ ಕೇಳಿದ್ದೇವೆ. ಅಬುದ್ದರ್ದಾಅ್ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್. ಮನೆಗೆ ಬಂದ ಸಲ್ಮಾನ್, ಅವರ ಪತ್ನಿ ತನ್ನ ಮೇಲಿನ ಕಾಳಜಿಯನ್ನೇ ಬಿಟ್ಟಿರುವುದನ್ನು ಕಂಡು ಕಾರಣ ಕೇಳಿದರು. ಆಮೇಲೆ ಗೆಳೆಯನಿಗೆ, ಅಲ್ಲಾಹನಿಗೆ ಹಕ್ಕು ಇರುವಂತೆ ನಿನ್ನ ದೇಹಕ್ಕೂ, ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆ, ಪ್ರತಿಯೊಬ್ಬರ ಹಕ್ಕನ್ನೂ ಸಲ್ಲಿಸು ಎಂಬರ್ಥದ ಮಾತು ಹೇಳಿದರು. ಪ್ರವಾದಿ (ಸ.ಅ.) ಅವರು ಸಲ್ಮಾನ್ ಹೇಳಿದ್ದೇ ಸರಿ ಎಂದರು. ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಮನೆಯ ಕೊರತೆಯನ್ನು ಮೊದಲು ಕೇಳಿದ್ದು ಗಂಡನಲ್ಲ, ಮನೆಗೆ ಬಂದ ಗೆಳೆಯ. ಒಳ್ಳೆಯ ಕೆಲಸದಲ್ಲಿ ಮುಳುಗಿದವನಿಗೆ ತನ್ನ ಮನೆ ಕಾಣದೆ ಹೋಗಬಹುದು. ಹತ್ತಿರದವರು ನೋಡಿ ಹೇಳಬೇಕು. ನಮ್ಮ ಕಾಲದಲ್ಲಿ ಆ ಗೆಳೆಯನ ಜಾಗದಲ್ಲಿ ಇರಬೇಕಾದದ್ದು ಕಮಿಟಿ.

ಹಾಗಾದರೆ ಕಮಿಟಿ ಎಂತ ಮಾಡಬಹುದು? ಮೊದಲನೆಯದು ಸಂಬಳ. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಅದನ್ನು ಸಂಗ್ರಹಿಸುವ ಕೆಲಸಕ್ಕೆ ನೇಮಕವಾದವರನ್ನೂ ಕುರ್‌ಆನ್ (9:60) ಎಣಿಸಿದೆ. ಇಂದಿನ ಕಮಿಟಿಗಳು ಕಳಿಸುವವರು ಆ ಸಾಲಿಗೆ ಸೇರುತ್ತಾರೋ ಇಲ್ಲವೋ ಎಂಬುದನ್ನು ಉಲಮಾಗಳು ಹೇಳಬೇಕು, ಅದು ನಮ್ಮ ಕೆಲಸವಲ್ಲ. ಆದರೆ ಸಂಗ್ರಹವೂ ಒಂದು ದುಡಿಮೆ, ಅದಕ್ಕೆ ಕೂಲಿ ಉಂಟು ಎಂಬ ಮಾತಂತೂ ಅದರಲ್ಲಿ ಸ್ಪಷ್ಟ. ‘ಸವಾಬ್ ಸಿಗ್ತದಲ್ಲಾ’ ಅಂತ ಹೇಳಿ ಕೂಲಿ ಕಡಿಮೆ ಮಾಡುವುದು ಸರಿಯಲ್ಲ. ಸವಾಬ್ ಕೊಡುವವನು ಅಲ್ಲಾಹ್, ಸಂಬಳ ಕೊಡಬೇಕಾದವರು ನಾವು.

ಇನ್ನು ಕಮಿಷನ್. ತಂದಷ್ಟಕ್ಕೆ ಇಷ್ಟು ಶೇಕಡಾ ಎಂಬ ಕ್ರಮ ಮೇಲ್ನೋಟಕ್ಕೆ ಕಮಿಟಿಗೆ ಸುಲಭ. ಅಮೆರಿಕದ ದಾನಸಂಗ್ರಹ ವೃತ್ತಿಯವರ ಸಂಘಟನೆಯ ನೀತಿಸಂಹಿತೆ ಇಂಥ ಶೇಕಡಾವಾರು ಪ್ರತಿಫಲವನ್ನು ಒಪ್ಪುವುದಿಲ್ಲ. ದಾನಿಯ ನಂಬಿಕೆಗೆ ಅದು ಪೆಟ್ಟು ಎಂಬುದು ಕಾರಣ. ನಮಗೆ ಇನ್ನೊಂದು ಕಾರಣವೂ ಕಾಣುತ್ತದೆ. ಕಮಿಷನ್ ಇದ್ದರೆ ಪ್ರತಿ ದಿನದ ರಜೆಯೂ ನಷ್ಟ. ‘ಇನ್ನೊಂದು ಮಸೀದಿ, ಇನ್ನೊಂದು ಊರು’ ಅಂತ ಮನುಷ್ಯ ಪೆರ್ನಾಳಿನ ಹಿಂದಿನ ರಾತ್ರಿವರೆಗೂ ಬಸ್ ಹತ್ತುವುದಿಲ್ಲ. ನಿಗದಿತ ಸಂಬಳ, ನಿಗದಿತ ರಜೆ ಇದ್ದರೆ ಅವನು ನಿಶ್ಚಿಂತೆಯಿಂದ ಮನೆಗೆ ಹೋಗುತ್ತಾನೆ.

ಮೂರನೆಯದು ಸರದಿ. ಒಬ್ಬನೇ ಒಳ್ಳೆ ಮಾತುಗಾರ ಇದ್ದಾನೆ ಅಂತ ಹನ್ನೆರಡು ತಿಂಗಳೂ ಅವನನ್ನೇ ಓಡಿಸುವುದು ಬೇಡ. ರಮಝಾನ್‌ನ ಹತ್ತು ದಿನ ಒಬ್ಬರು, ಹತ್ತು ದಿನ ಇನ್ನೊಬ್ಬರು ಹೋಗಲಿ. ಕೊನೆಯ ಹತ್ತರಲ್ಲಿ ಸಾಧ್ಯವಾದಷ್ಟು ಮಂದಿ ಮನೆಯಲ್ಲಿರಲಿ. ರೋಗಿಗಳ ಕರೆ ಸ್ವೀಕರಿಸಲು ಒಬ್ಬರ ಖಾಸಗಿ ನಂಬರ್ ಬೇಡ, ಸಂಸ್ಥೆಯ ನಂಬರ್ ಇರಲಿ, ಅದು ದಿನಕ್ಕೊಬ್ಬರ ಕೈಯಲ್ಲಿರಲಿ.

ನಾಲ್ಕನೆಯದು ಹಣದ ದಾರಿ. ಸಂಗ್ರಹಿಸಿದ ನಗದು ಮನೆಯ ಕಪಾಟಿನಲ್ಲಿ ಇರಬಾರದು. ಅದು ಮನೆಯವರಿಗೆ ಭಯ, ಊರಿನ ಬಾಯಿಗೆ ಆಹಾರ. ನಾಳೆ ಮಗಳಿಗೆ ಒಂದು ಹೊಸ ಬಟ್ಟೆ ತಂದರೂ ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಬರ್ತದೆ. ಸಂಸ್ಥೆಯ ಖಾತೆಗೆ ನೇರ ಹೋಗುವ ಕ್ಯೂಆರ್ ಕೋಡ್ ಈ ಮಾತನ್ನು ಅರ್ಧ ಬಾಯಿ ಮುಚ್ಚಿಸುತ್ತದೆ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ಆದಾಯ ತೆರಿಗೆಯ ರಿಯಾಯಿತಿಯೂ ಸಿಗುವುದಿಲ್ಲ ಎಂಬುದು ದಾನಿಗಳಿಗೆ ನೆನಪಿರಲಿ. ವರ್ಷಕ್ಕೊಮ್ಮೆ ದೊಡ್ಡ ಮೊತ್ತದ ಬದಲು ತಿಂಗಳಿಗೆ ಇಷ್ಟು ಅಂತ ನಾವೇ ಖಾತೆಗೆ ಹಾಕಿದರೆ ನಮ್ಮ ಬಾಗಿಲಿಗೆ ಬರಬೇಕಾದ ಒಬ್ಬ ಉಪ್ಪ ಆ ಸಂಜೆ ತನ್ನ ಮನೆಯ ಬಾಗಿಲು ತಟ್ಟುತ್ತಾನೆ.

ಮನೆಯೊಳಗೂ ಸ್ವಲ್ಪ ಕೆಲಸ ಉಂಟು. ವಾರದಲ್ಲಿ ಒಂದು ರಾತ್ರಿ ಫೋನ್ ಇಲ್ಲದ ಊಟ ಅಂತ ಮೊದಲೇ ಮಾತಾಗಿರಲಿ. ಪ್ರವಾಸದ ದಿನಾಂಕ ಸಂಸ್ಥೆಯವರಿಗಿಂತ ಮೊದಲು ಹೆಂಡತಿಗೆ ತಿಳಿಯಲಿ. ಮಕ್ಕಳಿಗೆ ‘ಉಪ್ಪ ಕಲೆಕ್ಷನ್‌ಗೆ ಹೋಗಿದ್ದಾರೆ’ ಎಂದಷ್ಟೇ ಹೇಳಿದರೆ ಸಾಲದು. ಯಾವ ಯತೀಂಖಾನ, ಅಲ್ಲಿ ಎಷ್ಟು ಮಕ್ಕಳು, ಅವರು ಎಂತ ಕಲಿಯುತ್ತಾರೆ ಅಂತ ತೋರಿಸಿ ಬನ್ನಿ. ತನ್ನ ಪಾಲಿನ ಸಮಯ ಎಲ್ಲಿಗೆ ಹೋಯಿತು ಅಂತ ಮಗುವಿಗೆ ಗೊತ್ತಿದ್ದರೆ ಅದು ಕಳೆದುಕೊಂಡದ್ದಲ್ಲ, ತಾನೇ ಕೊಟ್ಟದ್ದು ಅನಿಸುತ್ತದೆ. ಮನೆಯವರಿಗಾಗಿ ಖರ್ಚು ಮಾಡುವ ಹಣಕ್ಕೆ ಎಲ್ಲಕ್ಕಿಂತ ಹೆಚ್ಚಿನ ಪ್ರತಿಫಲ ಎಂದು ಹದೀಸ್‌ನಲ್ಲಿ ಬಂದಿದೆ. ಅವರಿಗಾಗಿ ಖರ್ಚು ಮಾಡುವ ಹೊತ್ತಿಗೂ ಬೆಲೆ ಇಲ್ಲದೆ ಇರುವುದಿಲ್ಲ.

ಈಗ ನಮ್ಮ ಹೆಣ್ಣುಮಕ್ಕಳೂ ಈ ಕೆಲಸಕ್ಕೆ ಇಳಿದಿದ್ದಾರೆ. ಮನೆಮನೆಯಿಂದ ಬಟ್ಟೆ, ಕಿಟ್, ಫೀಸು ಹೊಂದಿಸುತ್ತಿದ್ದಾರೆ. ಅವರು ಹೊರಗಿನ ಕೆಲಸ ಮುಗಿಸಿ ಬಂದ ಮೇಲೆ ಒಳಗಿನ ಕೆಲಸ ಶುರುವಾಗುತ್ತದೆ. ಗಂಡಸರು ವಂತಿಗೆಗೆ ಹೋದಾಗ ಮನೆ ನೋಡಿಕೊಳ್ಳುವವರು ಅವರು. ಅವರು ಹೋದಾಗ ಅನ್ನ ಬೇಯಿಸಿ ಮಕ್ಕಳನ್ನು ಮಲಗಿಸಲು ಗಂಡಸರು ಕಲಿತರೆ ಯಾರ ಗೌರವವೂ ಕಡಿಮೆಯಾಗುವುದಿಲ್ಲ.

ಬರುವ ಶಅಬಾನ್‌ನಲ್ಲಿ ರಮಝಾನ್ ಸಂಗ್ರಹದ ಬಗ್ಗೆ ನಮ್ಮ ಜಮಾಅತ್‌ಗಳಲ್ಲಿ, ಟ್ರಸ್ಟುಗಳಲ್ಲಿ ಸಭೆ ಸೇರುತ್ತದೆ. ಎಷ್ಟು ರಸೀದಿ ಪುಸ್ತಕ ಪ್ರಿಂಟ್ ಮಾಡಿಸಬೇಕು, ಯಾರಿಗೆ ಯಾವ ಊರು, ಟಾರ್ಗೆಟ್ ಎಷ್ಟು ಅಂತ ಚರ್ಚೆ ನಡೆಯುತ್ತದೆ. ಅದೇ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿಕೊಳ್ಳೋಣ: ಹೋಗುವವರು ಮನೆಗೆ ಬರುವುದು ಯಾವ ದಿನ, ಅಲ್ಲಿಯವರೆಗೆ ಆ ಮನೆಯ ಅಕ್ಕಿ, ಮದ್ದು, ಮಕ್ಕಳ ಫೀಸು ನೋಡಿಕೊಳ್ಳುವವರು ಯಾರು. ಅದಕ್ಕೆ ಉತ್ತರ ಬರೆದ ಮೇಲೆಯೇ ರಸೀದಿ ಪುಸ್ತಕ ಅವರ ಕೈಗೆ ಕೊಡೋಣ.