ಸ್ನೇಹದಲ್ಲಿ ಸೇರಿದ ಆಮ್ಲ

ಸಂಸ್ಕೃತದಲ್ಲಿ ಎಣ್ಣೆಗೆ 'ಸ್ನೇಹ'ವೆಂಬ ಹೆಸರುಂಟು. ಆದರೆ ನೀರಿನೊಡನೆ ಅದಕ್ಕೆ ಸ್ನೇಹವಿಲ್ಲ. ಎರಡನ್ನೂ ಎಷ್ಟೇ ಕಲಕಿದರೂ ಕೆಲಹೊತ್ತಿನಲ್ಲಿ ಎಣ್ಣೆ ಮೇಲಕ್ಕೂ ನೀರು ಕೆಳಕ್ಕೂ ಸರಿಯುತ್ತವೆ. ಈ ಬೆರೆಯದ ಗುಣವನ್ನೇ ಉಪಾಯವಾಗಿಸಿಕೊಂಡು ಆಮ್ಲ, ಪ್ರತ್ಯಾಮ್ಲಗಳನ್ನು ಬೇರ್ಪಡಿಸುವ ಕ್ರಮವೊಂದು ರಸಾಯನಶಾಸ್ತ್ರದಲ್ಲಿದೆ. ಗಿರಣಿಗಳ ದೆಸೆಯಿಂದ ತೈಲನಗರಿಯೆನಿಸಿದ ಚಳ್ಳಕೆರೆಯ ಶೇಂಗಾ ಎಣ್ಣೆಯೇ ಇದಕ್ಕೆ ತಕ್ಕ ನಿದರ್ಶನ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ರೈತನು ಮಳೆಯನ್ನೇ ನಂಬಿ ಶೇಂಗಾ ಬಿತ್ತುತ್ತಾನೆ. ಆದರೆ ಕಿತ್ತ ಕಾಯಿ ಒಣಗುವ ಮೊದಲೇ ಆ ಮಳೆಗೆ ಸಿಕ್ಕಿ ತೇವದಲ್ಲಿ ಉಳಿದರೆ, ಬೀಜದೊಳಗಿನ ಎಣ್ಣೆಯ ಒಂದಂಶ ಒಡೆದು ಕೊಬ್ಬಿನಾಮ್ಲವಾಗುತ್ತದೆ. ಅಂತಹ ಎಣ್ಣೆ ಬೇಗ ಕೆಡುತ್ತದೆ. ಕಾಯಿಸಿದರೆ ಬೇಗ ಹೊಗೆಯಾಡುತ್ತದೆ.

ಬರಿಯ ನೀರು ಈ ಆಮ್ಲವನ್ನು ಸೆಳೆಯಲಾರದು. ಅದು ಎಣ್ಣೆಯ ಪಕ್ಷ. ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಕೂಡಿಸಿ ಕಲಕಿದಾಗ ಆಮ್ಲವು ಕ್ಷಾರದೊಡನೆ ಸೇರಿ ಲವಣವಾಗುತ್ತದೆ. ಆ ಲವಣವೇ ಸಾಬೂನು. ಅದು ಎಣ್ಣೆಯನ್ನು ತೊರೆದು ನೀರಿನೊಡನೆ ಕೆಳಗೆ ತಂಗುತ್ತದೆ. ಅದನ್ನು ಹೊರಬಿಟ್ಟು, ಮೇಲಿನ ಎಣ್ಣೆಯನ್ನು ಬಿಸಿನೀರಿನಿಂದ ತೊಳೆದು ತೇವ ತೆಗೆಯುತ್ತಾರೆ. ಕೆಳಗಿನ ಸಾಬೂನಿಗೆ ಗಂಧಕಾಮ್ಲ ಬೆರೆಸಿದರೆ ಕೊಬ್ಬಿನಾಮ್ಲ ಮೊದಲಿನ ರೂಪ ತಾಳಿ ತೇಲುತ್ತದೆ. ಸಾಬೂನು ತಯಾರಿಕೆಗೆ ಸಲ್ಲುತ್ತದೆ.

ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ ಇದೇ ನ್ಯಾಯ. ಈಥರಿನಲ್ಲಿ ಬೆಂಜೋಯಿಕ್ ಆಮ್ಲ, ಅನಿಲಿನ್, ನ್ಯಾಫ್ತಲೀನ್ ಮೂರೂ ಕರಗಿರಲಿ. ಹೈಡ್ರೋಕ್ಲೋರಿಕ್ ಆಮ್ಲದ ನೀರಿನೊಡನೆ ಕುಲುಕಿದರೆ ಪ್ರತ್ಯಾಮ್ಲವಾದ ಅನಿಲಿನ್ ಲವಣವಾಗಿ ನೀರಿಗೆ ಇಳಿಯುತ್ತದೆ. ಬಳಿಕ ಕ್ಷಾರದ ನೀರು ಬೆಂಜೋಯಿಕ್ ಆಮ್ಲವನ್ನು ಒಯ್ಯುತ್ತದೆ. ಎರಡೂ ಅಲ್ಲದ ನ್ಯಾಫ್ತಲೀನ್ ಈಥರಿನಲ್ಲಿಯೇ ಉಳಿಯುತ್ತದೆ.

ಎಲ್ಲಕ್ಕೂ ಮಿಗಿಲಾದುದು ಅಳತೆ. ಕೊಬ್ಬಿನಾಮ್ಲಗಳಲ್ಲೊಂದಾದ ಓಲಿಯಿಕ್ ಆಮ್ಲದ ಅಣುತೂಕ 282. ಕಾಸ್ಟಿಕ್ ಸೋಡಾದ್ದು 40. 100 ಕಿಲೋ ಎಣ್ಣೆಯಲ್ಲಿ 2 ಕಿಲೋ ಅಂತಹ ಆಮ್ಲವಿದ್ದರೆ, ಲೆಕ್ಕಕ್ಕೆ ಸುಮಾರು 284 ಗ್ರಾಂ ಸೋಡಾ ಬೇಕು. ಕಡಿಮೆಯಾದರೆ ಆಮ್ಲ ಉಳಿಯುತ್ತದೆ. ಮಿತಿಮೀರಿದರೆ ಒಳ್ಳೆಯ ಎಣ್ಣೆಯೂ ಸಾಬೂನಾಗಿ ಹೋಗುತ್ತದೆ. ಮೊಳಕಾಲ್ಮೂರಿನ ಸೀರೆಗೆ ಹೆಸರು ತಂದ ರೇಷ್ಮೆಯ ಮಾತೂ ಇದೇ. ಹದವಾದ ಸಾಬೂನು-ಸೋಡಾ ನೀರಿನಲ್ಲಿ ಕುದಿಸಿದರೆ ಕಚ್ಚಾ ರೇಷ್ಮೆಯ ಅಂಟು ಕಳೆದು ಹೊಳಪು ಬರುತ್ತದೆ. ಕ್ಷಾರ ತೀಕ್ಷ್ಣವಾದರೆ ನೂಲೇ ಸವೆಯುತ್ತದೆ.

ಹೀಗೆ ಆಮ್ಲವನ್ನು ತೆಗೆಯಬಹುದು. ಆದರೆ ಆಮ್ಲವಾಗಿ ಒಡೆದುಹೋದ ಎಣ್ಣೆಯನ್ನು ಕ್ಷಾರವು ಮರಳಿ ಕೊಡಲಾರದು. ಆದುದರಿಂದ ಎಣ್ಣೆಯ ಶುದ್ಧಿ ಆರಂಭವಾಗುವುದು ಕಾರ್ಖಾನೆಯಲ್ಲಲ್ಲ, ಕಾಯಿಯನ್ನು ಚೆನ್ನಾಗಿ ಒಣಗಿಸುವ ರೈತನ ಕಣದಲ್ಲಿ. ಇದನ್ನರಿತ ವಿದ್ಯಾರ್ಥಿ ಹಳ್ಳಿಗೆ ಹೋಗಿ ತಂದೆಗೆ ತಿಳಿಸಿದರೆ ಪಾಠ ಸಾರ್ಥಕವಾದಂತೆ.