ಚಳಿಗಾಲಕ್ಕೆ ಮುನ್ನ ಗಾಳಿಯ ದಾರಿ ನೋಡಿ

ಬೆಂಗಳೂರಿನಲ್ಲಿ ಈವರೆಗೆ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿಯ ಮಾತು. ನ್ಯೂಜೆರ್ಸಿಯ ಪಿಸ್ಕಾಟವೇಯಲ್ಲಿ ಅಷ್ಟು ಚಳಿ ಎಂದರೆ ನವೆಂಬರಿನ ಒಂದು ಸಾಧಾರಣ ದಿನ. ಜನವರಿಯ ರಾತ್ರಿಗಳಲ್ಲಿ ಉಷ್ಣತೆ ಸೊನ್ನೆಗಿಂತ ನಾಲ್ಕೈದು ಡಿಗ್ರಿ ಕೆಳಗಿಳಿಯುವುದು ಇಲ್ಲಿ ಮಾಮೂಲು. 2016ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದು ಸೊನ್ನೆಗಿಂತ 18 ಡಿಗ್ರಿ ಕೆಳಗೆ ಹೋಗಿತ್ತು. ರಟ್ಗರ್ಸ್ ವಿಶ್ವವಿದ್ಯಾಲಯದ ಸುತ್ತಮುತ್ತ, ಪಕ್ಕದ ಎಡಿಸನ್‌ನಲ್ಲಿ ನೆಲೆಸಿರುವ ನಮ್ಮವರು ಇಂಥ ಚಳಿಯನ್ನು ಹೆಚ್ಚಾಗಿ ದಾಟುವುದು ಬೇಸ್‌ಮೆಂಟಿನ ಮೂಲೆಯಲ್ಲಿ ನಿಂತಿರುವ ಗ್ಯಾಸ್ ಫರ್ನೇಸನ್ನು ನಂಬಿ. ಚಳಿಗಾಲ ಬರುವ ಮುನ್ನ ಮಾಡಬೇಕಾದ ಕೆಲಸಗಳೆಂದು ಪ್ರತಿ ವರ್ಷವೂ ಉದ್ದನೆಯ ಪಟ್ಟಿಗಳು ಸಿಗುತ್ತವೆ: ಫಿಲ್ಟರ್ ಬದಲಿಸಿ, ವೆಂಟ್ ನೋಡಿ, ಅಲಾರಂ ಪರೀಕ್ಷಿಸಿ, ಎ.ಸಿ. ಮುಚ್ಚಿ. ಪಟ್ಟಿಯನ್ನು ನೆನಪಿಡುವುದು ಕಷ್ಟ. ಆದರೆ ಅದರ ಹಿಂದಿರುವ ತತ್ವ ಬಹುಮಟ್ಟಿಗೆ ಒಂದೇ. ಉರಿಯುವ ಗಾಳಿಗೂ ಉಸಿರಾಡುವ ಗಾಳಿಗೂ ದಾರಿ ತೆರೆದಿರಬೇಕು, ಆ ಎರಡು ದಾರಿಗಳು ಎಲ್ಲಿಯೂ ಕೂಡಬಾರದು. ಇದು ಮನಸ್ಸಿಗೆ ಬಂದರೆ ಪಟ್ಟಿಯ ಪ್ರತಿಯೊಂದು ಸಾಲೂ ತಾನಾಗಿ ಅರ್ಥವಾಗುತ್ತದೆ.

ಫರ್ನೇಸಿನ ಒಳಗೆ ನಡೆಯುವುದನ್ನು ಕ್ರಮವಾಗಿ ನೋಡೋಣ. ಮನೆ ತಣ್ಣಗಾಯಿತೆಂದು ಥರ್ಮೋಸ್ಟಾಟ್ ತಿಳಿಸಿದೊಡನೆ ಮೊದಲು ಹೊರಡುವುದು ಬೆಂಕಿಯಲ್ಲ, ಒಂದು ಚಿಕ್ಕ ಫ್ಯಾನು. ಅದು ಹಳೆಯ ಹೊಗೆಯನ್ನು ಹೊರಗೆ ಎಳೆದುಹಾಕುತ್ತದೆ. ಎಳೆತ ಸರಿಯಾಗಿದೆಯೆಂದು ಒತ್ತಡದ ಸ್ವಿಚ್ ಒಪ್ಪಿದ ಮೇಲಷ್ಟೇ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಜ್ವಾಲೆ ಹೊತ್ತುತ್ತದೆ. ಬಿಸಿ ಹೊಗೆ ಲೋಹದ ಕೊಳವೆಗಳ ಒಳಗೆ ಸಾಗಿ ಹೊರಗೆ ಹೋಗುತ್ತದೆ. ಅದೇ ಕೊಳವೆಗಳ ಹೊರಮೈಯನ್ನು ಸವರಿಕೊಂಡು ಮನೆಯ ಗಾಳಿ ಬಿಸಿಯಾಗಿ, ದೊಡ್ಡ ಬ್ಲೋವರ್‌ನ ಬಲದಿಂದ ಕೋಣೆಗಳಿಗೆ ಹರಿಯುತ್ತದೆ. ಈ ಎರಡು ಗಾಳಿಗಳ ನಡುವೆ ಇರುವುದು ತೆಳುವಾದ ಒಂದು ಲೋಹದ ಗೋಡೆ. ಅದಕ್ಕೇ ಹೀಟ್ ಎಕ್ಸ್‌ಚೇಂಜರ್ ಎಂದು ಹೆಸರು. ಮನೆಯವರ ಸುರಕ್ಷತೆ, ಯಂತ್ರದ ಆಯುಸ್ಸು, ತಿಂಗಳ ಬಿಲ್ಲು ಮೂರೂ ನಿಂತಿರುವುದು ಈ ಗೋಡೆಯ ಎರಡೂ ಬದಿ ಗಾಳಿ ಸರಾಗವಾಗಿ ಹರಿಯುವುದರ ಮೇಲೆ.

ಮೊದಲು ಬೆಂಕಿಯ ಬದಿ. ನೈಸರ್ಗಿಕ ಅನಿಲ ಬಹುಪಾಲು ಮೀಥೇನ್. ಒಂದು ಘನ ಅಡಿ ಮೀಥೇನ್ ಪೂರ್ತಿ ಉರಿಯಲು ಸುಮಾರು 10 ಘನ ಅಡಿ ಗಾಳಿ ಬೇಕು. ಅಷ್ಟು ಗಾಳಿ ಸಿಕ್ಕರೆ ಇಂಗಾಲದ ಡೈ ಆಕ್ಸೈಡ್ ಮತ್ತು ನೀರಾವಿ ಹುಟ್ಟುತ್ತವೆ, ಜ್ವಾಲೆ ನೀಲಿಯಾಗಿ ನಿಲ್ಲುತ್ತದೆ. ಗಾಳಿ ಸಾಲದಿದ್ದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗ್ಯಾಸ್ ಸೋರಿದರೆ ಮೂಗಿಗೆ ಬಡಿಯುವ ವಾಸನೆ ಕಂಪನಿಯವರು ಬೇಕೆಂದೇ ಬೆರೆಸಿದ್ದು. ಮಾನಾಕ್ಸೈಡಿಗೆ ಅಂಥ ಸೂಚನೆ ಯಾವುದೂ ಇಲ್ಲ. ಬೆಂಗಳೂರಿನಲ್ಲಿ ಕಿಟಕಿ ಮುಚ್ಚಿದ ಸ್ನಾನದ ಮನೆಯ ಗ್ಯಾಸ್ ಗೀಸರಿನಿಂದ ಸಾವಾಯಿತೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅದರ ಕಾರಣವೂ ಇದೇ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಲೆಕ್ಕದಂತೆ ಬೆಂಕಿ ಅನಾಹುತಕ್ಕೆ ಸಂಬಂಧಿಸದ ಆಕಸ್ಮಿಕ ಮಾನಾಕ್ಸೈಡ್ ವಿಷದಿಂದ ಅಲ್ಲಿ ವರ್ಷಕ್ಕೆ 400ಕ್ಕೂ ಹೆಚ್ಚು ಜನ ಸಾಯುತ್ತಾರೆ.

ಆದ್ದರಿಂದ ಅಕ್ಟೋಬರಿನಲ್ಲಿ ನೋಡಬೇಕಾದ ಮೊದಲ ಜಾಗ ಹೊಗೆ ಹೊರಹೋಗುವ ಕೊಳವೆಯ ಬಾಯಿ. ಹಳೆಯ ಫರ್ನೇಸುಗಳ ಹೊಗೆ ಚಿಮಣಿಯಲ್ಲಿ ಮೇಲೇರುತ್ತದೆ. ಹಕ್ಕಿಗೂಡು, ಉದುರಿದ ಇಟ್ಟಿಗೆ ಅದನ್ನು ಕಟ್ಟಿಹಾಕಬಹುದು. ಶೇಕಡ 90ಕ್ಕಿಂತ ಹೆಚ್ಚು ದಕ್ಷತೆಯ ಹೊಸ ಫರ್ನೇಸುಗಳು ಹೊಗೆಯ ನೀರಾವಿಯನ್ನೂ ತಣಿಸಿ ಅದರ ಶಾಖವನ್ನು ಹೀರಿಕೊಳ್ಳುವುದರಿಂದ, ಉಳಿದ ಹೊಗೆ ಪ್ಲಾಸ್ಟಿಕ್ ಪೈಪಿನಲ್ಲಿ ಪಕ್ಕದ ಗೋಡೆಯಿಂದಲೇ ಹೊರಬೀಳುತ್ತದೆ. ಆ ಪೈಪಿನ ಬಾಯಿ ನೆಲಕ್ಕೆ ಹತ್ತಿರವಿದ್ದರೆ ಹಿಮ ಅದನ್ನು ಹೂಳಿಬಿಡಬಹುದು. 2016ರ ಜನವರಿ 23ರ ಹಿಮಬಿರುಗಾಳಿಯಲ್ಲಿ ಸೆಂಟ್ರಲ್ ಪಾರ್ಕಿನಲ್ಲಿ ಸುಮಾರು 70 ಸೆಂಟಿಮೀಟರ್ ಹಿಮ ಬಿತ್ತು. ಅದೇ ದಿನ ನ್ಯೂಜೆರ್ಸಿಯ ಪಸೇಯಿಕ್‌ನಲ್ಲಿ, ಹೊಗೆಕೊಳವೆ ಹಿಮದಿಂದ ಮುಚ್ಚಿಹೋಗಿದ್ದ ಕಾರಿನೊಳಗೆ ಬೆಚ್ಚಗೆ ಕೂತಿದ್ದ ತಾಯಿ, ಮಗು ಮಾನಾಕ್ಸೈಡಿಗೆ ಬಲಿಯಾದರು. ಅದು ಕಾರು, ಇದು ಫರ್ನೇಸು; ಕಟ್ಟಿಕೊಂಡ ಹೊಗೆ ಮಾಡುವ ಕೆಲಸ ಮಾತ್ರ ಒಂದೇ. ಪೈಪಿನ ಸುತ್ತಲಿನ ಪೊದೆಯನ್ನು ಈಗಲೇ ಕತ್ತರಿಸಿ, ಹಿಮ ಬಿದ್ದ ದಿನ ಡ್ರೈವ್‌ವೇಗಿಂತ ಮೊದಲು ಆ ಬಾಯಿಯನ್ನು ತೆರವು ಮಾಡಬೇಕು. ಕೆಲವು ಫರ್ನೇಸುಗಳು ಉರಿಗೆ ಬೇಕಾದ ಗಾಳಿಯನ್ನು ಬೇಸ್‌ಮೆಂಟಿನಿಂದಲೇ ಎಳೆದುಕೊಳ್ಳುತ್ತವೆ. ಅವುಗಳ ಸುತ್ತ ಸೂಟ್‌ಕೇಸು, ರಟ್ಟಿನ ಡಬ್ಬ, ಪೇಂಟ್ ಡಬ್ಬ ಒಟ್ಟುವುದು ಬೆಂಕಿಗೆ ಬೇಕಾದ ಗಾಳಿಯನ್ನು ಕಸಿದುಕೊಂಡಂತೆ.

ಇನ್ನು ಮನೆಯ ಬದಿ. ಇಲ್ಲಿ ಎಲ್ಲಕ್ಕಿಂತ ಅಗ್ಗದ ವಸ್ತುವೇ ಎಲ್ಲಕ್ಕಿಂತ ಮುಖ್ಯವಾದದ್ದು: ಫಿಲ್ಟರ್. ರಟ್ಟಿನ ಚೌಕಟ್ಟಿನೊಳಗೆ ನೆರಿಗೆ ಹಿಡಿದ ಬಟ್ಟೆ, ಅಂಚಿನಲ್ಲಿ ಅಚ್ಚಾದ ಒಂದು ಬಾಣ. ಬಾಣ ಗಾಳಿ ಹೋಗುವ ಕಡೆಗೆ, ಅಂದರೆ ಬ್ಲೋವರ್‌ನ ಕಡೆಗೆ ಮುಖ ಮಾಡಿರಬೇಕು. ಒಂದಿಂಚಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಒಗ್ಗರಣೆಯ ಹೊಗೆ, ಜಿಡ್ಡು ಗಾಳಿಯಲ್ಲಿ ಬೆರೆಯುವ ಮನೆಗಳಲ್ಲಿ ಇನ್ನೂ ಬೇಗ. ಧೂಳು ಕಟ್ಟಿದ ಫಿಲ್ಟರ್ ಗಾಳಿಯನ್ನು ತಡೆದಾಗ ಲೋಹದ ಕೊಳವೆಗಳ ಶಾಖವನ್ನು ಹೊತ್ತೊಯ್ಯುವವರಿಲ್ಲ. ಅವು ಮಿತಿಮೀರಿ ಕಾಯುತ್ತವೆ, ಲಿಮಿಟ್ ಸ್ವಿಚ್ ಬೆಂಕಿಯನ್ನು ಆರಿಸುತ್ತದೆ, ತಣಿದ ಮೇಲೆ ಮತ್ತೆ ಹೊತ್ತಿಸುತ್ತದೆ. ಹೀಗೆ ಕಾದು ತಣಿದು, ಹಿಗ್ಗಿ ಕುಗ್ಗಿ ಲೋಹ ದಣಿಯುತ್ತದೆ. ವರ್ಷಗಳಲ್ಲಿ ಬಿರುಕು ಬಿಡುತ್ತದೆ. ಎರಡು ಗಾಳಿಗಳ ನಡುವಿನ ಗೋಡೆ ಒಡೆಯುವುದು ಹೀಗೆ. ಬಿರುಕಿನಿಂದ ನುಗ್ಗುವ ಬ್ಲೋವರ್‌ನ ಗಾಳಿ ಜ್ವಾಲೆಯನ್ನು ಕದಡಿ ಮಾನಾಕ್ಸೈಡ್ ಹೆಚ್ಚಿಸಬಹುದು. ಅತಿ ಸೂಕ್ಷ್ಮ ಕಣಗಳನ್ನೂ ಹಿಡಿಯುವ ದುಬಾರಿ ಫಿಲ್ಟರ್ ಹಾಕಿದರೆ ಒಳ್ಳೆಯದಲ್ಲವೇ ಎಂದು ಕೇಳಬಹುದು. ಒಂದಿಂಚಿನ ಜಾಗಕ್ಕೆ ತೀರಾ ದಟ್ಟವಾದದ್ದನ್ನು ತುರುಕಿದರೆ ಹೊಸದಿರುವಾಗಲೇ ಅದು ಗಾಳಿಗೆ ಅಡ್ಡ ನಿಲ್ಲುತ್ತದೆ. ಫರ್ನೇಸಿನ ಕೈಪಿಡಿ ಎಷ್ಟಕ್ಕೆ ಒಪ್ಪುತ್ತದೋ ಅಷ್ಟೇ ಸಾಕು.

ಇಲ್ಲಿ ಒಂದು ಆಕ್ಷೇಪ ಸಹಜ. ಒತ್ತಡದ ಸ್ವಿಚ್, ಲಿಮಿಟ್ ಸ್ವಿಚ್, ಗೋಡೆಯ ಮೇಲೆ ಮಾನಾಕ್ಸೈಡ್ ಅಲಾರಂ ಇಷ್ಟೆಲ್ಲ ಇರುವಾಗ ಯಂತ್ರ ತನ್ನನ್ನು ತಾನೇ ನೋಡಿಕೊಳ್ಳುವುದಿಲ್ಲವೇ? ಸ್ವಿಚ್ಚುಗಳು ಮಾಡುವುದು ಯಂತ್ರವನ್ನು ನಿಲ್ಲಿಸುವ ಕೆಲಸ; ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿರುವ ರಾತ್ರಿ ಫರ್ನೇಸ್ ನಿಂತರೆ ಅದೇ ಒಂದು ಅಪಾಯ. ಮನೆಗಳ ಸಾಮಾನ್ಯ ಫರ್ನೇಸಿನಲ್ಲಿ ಮಾನಾಕ್ಸೈಡನ್ನು ಅಳೆಯುವ ಸಾಧನವೂ ಇರುವುದಿಲ್ಲ. ಅಲಾರಂ ಖಂಡಿತ ಬೇಕು. ಆದರೆ ಅಮೆರಿಕದ ಮಾನದಂಡದ ಪ್ರಕಾರ ಗಾಳಿಯ ದಶಲಕ್ಷ ಭಾಗದಲ್ಲಿ 70 ಭಾಗ ಮಾನಾಕ್ಸೈಡ್ ಇದ್ದಾಗ ಅದು ಒಂದರಿಂದ ನಾಲ್ಕು ಗಂಟೆಯೊಳಗೆ ಕೂಗಿದರೆ ಸಾಕು, 400 ಭಾಗವಿದ್ದರೆ 4ರಿಂದ 15 ನಿಮಿಷದೊಳಗೆ. ಅಂದರೆ ಅದು ಪ್ರಾಣ ಉಳಿಸುವ ಕೊನೆಯ ಕಾವಲು; ನಿತ್ಯ ಸೋರುವ ಅಲ್ಪ ವಿಷವನ್ನು ಅದು ಹೇಳುವುದಿಲ್ಲ. ಅಲಾರಂಗೂ ಆಯುಸ್ಸಿದೆ, ಸಾಮಾನ್ಯವಾಗಿ 5ರಿಂದ 10 ವರ್ಷ. ಹಿಂಬದಿಯ ದಿನಾಂಕ ನೋಡಿ, ಮಲಗುವ ಕೋಣೆಗಳ ಹತ್ತಿರ ಹೊಸದನ್ನು ಹಾಕಬೇಕು.

ಇನ್ನೊಂದು ಆಕ್ಷೇಪ ದುಡ್ಡಿನದು. ಚೆನ್ನಾಗಿ ಓಡುತ್ತಿರುವ ಯಂತ್ರಕ್ಕೆ ವರ್ಷಕ್ಕೊಮ್ಮೆ ಮೆಕ್ಯಾನಿಕ್‌ನನ್ನು ಕರೆಸುವುದು ವ್ಯಾಪಾರದ ತಂತ್ರವಲ್ಲವೇ? ಕೆಲವರು ಬೇಡದ್ದನ್ನು ಮಾರುವುದು ನಿಜ. ಆದರೆ ಕೈಗೆ ಎಟುಕದ ಕೆಲವು ಪರೀಕ್ಷೆಗಳಿವೆ. ಜ್ವಾಲೆಯ ನಡುವೆ ಪೆನ್ಸಿಲಿಗಿಂತ ತೆಳುವಾದ ಒಂದು ಲೋಹದ ಕಡ್ಡಿ ಇರುತ್ತದೆ. ಜ್ವಾಲೆಯ ಮೂಲಕ ಹಾದುಬರುವ ಕೆಲವೇ ಮೈಕ್ರೋ ಆಂಪಿಯರ್ ವಿದ್ಯುತ್ತಿನಿಂದ ಬೆಂಕಿ ಇದೆಯೆಂದು ಅದು ಗುರುತಿಸುತ್ತದೆ. ಕಡ್ಡಿಯ ಮೇಲೆ ಕಿಲುಬಿನ ಪದರ ಕೂತರೆ ಆ ವಿದ್ಯುತ್ತು ಕ್ಷೀಣಿಸಿ, ಫರ್ನೇಸ್ ಹೊತ್ತಿ ಕೆಲವೇ ಸೆಕೆಂಡಿನಲ್ಲಿ ಆರುತ್ತದೆ. ಕಡ್ಡಿಯನ್ನು ಒರೆಸಲು ಕೆಲವು ನಿಮಿಷ ಸಾಕು. ನಡುರಾತ್ರಿಯ ಚಳಿಯಲ್ಲಿ ಕಾರಣ ಹುಡುಕುವುದು ಕಷ್ಟ. ಹೊಗೆಯ ಮಾನಾಕ್ಸೈಡ್ ಅಳತೆ, ಗ್ಯಾಸಿನ ಒತ್ತಡ, ಲೋಹದ ಗೋಡೆಯ ಬಿರುಕು ಇವನ್ನೂ ಉಪಕರಣವಿರುವ ಪರಿಣತರೇ ನೋಡಬೇಕು. ಅವರು ಏನನ್ನು ಅಳೆದರು, ಅಂಕಿ ಎಷ್ಟು ಬಂತು ಎಂದು ಬರೆಸಿಕೊಂಡರೆ ಮೋಸಕ್ಕೆ ಎಡೆ ಕಡಿಮೆ. ಅಮೆರಿಕದ ಮನೆಗಳು ಬಳಸುವ ಒಟ್ಟು ಶಕ್ತಿಯಲ್ಲಿ ಸುಮಾರು ಶೇಕಡ 42ರಷ್ಟು ಕೋಣೆ ಬೆಚ್ಚಗಿಡಲೆಂದೇ ಹೋಗುತ್ತದೆ ಎಂದು 2020ರ ಸರ್ಕಾರಿ ಸಮೀಕ್ಷೆ ಹೇಳಿತು. ಅಷ್ಟು ದೊಡ್ಡ ವೆಚ್ಚದ ಯಂತ್ರಕ್ಕೆ ವರ್ಷಕ್ಕೊಂದು ತಪಾಸಣೆ ಹೆಚ್ಚೇನಲ್ಲ.

ಚಳಿಗಾಲದ ಒಣ ಚರ್ಮ, ಮೂಗಿನಲ್ಲಿ ರಕ್ತ, ಬಾಗಿಲ ಹಿಡಿ ಮುಟ್ಟಿದರೆ ಹೊಡೆಯುವ ಶಾಕ್ ಇವಕ್ಕೆ ಫರ್ನೇಸ್ ಗಾಳಿಯ ನೀರನ್ನು ಸುಡುವುದು ಕಾರಣವೆಂದು ಅನೇಕರು ನಂಬಿದ್ದಾರೆ. ಹಾಗಲ್ಲ. ಸೊನ್ನೆ ಡಿಗ್ರಿಯ ಗಾಳಿ ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 5 ಗ್ರಾಂ ನೀರಾವಿ ಹೊರಬಲ್ಲದು. 21 ಡಿಗ್ರಿಯ ಗಾಳಿ ಸುಮಾರು 18 ಗ್ರಾಂ. ಹೊರಗಿನ ಗಾಳಿ ಸಂದುಗಳಿಂದ ಒಳಬಂದು ಬಿಸಿಯಾದಾಗ ಅದರ ನೀರು ಅಷ್ಟೇ ಇರುತ್ತದೆ, ಹೊರುವ ಶಕ್ತಿ ಬೆಳೆಯುತ್ತದೆ. ಹಾಗಾಗಿ ಸಾಪೇಕ್ಷ ತೇವ ಕಾಲು ಭಾಗಕ್ಕೆ ಇಳಿಯುತ್ತದೆ. ಕಿಟಕಿ, ಬಾಗಿಲುಗಳ ಸಂದು ಮುಚ್ಚುವುದೇ ಇದಕ್ಕೆ ಮೊದಲ ಮದ್ದು. ಫರ್ನೇಸಿಗೆ ಹ್ಯುಮಿಡಿಫೈಯರ್ ಜೋಡಿಸಿದ್ದರೆ ಅದರ ಪ್ಯಾಡ್ ಬದಲಿಸಿ, ನೀರಿನ ವಾಲ್ವ್ ತೆರೆಯಬೇಕು. ತೇವ ಶೇಕಡ 30ಕ್ಕೆ ತುಸು ಮೇಲಿದ್ದರೆ ಸಾಕು; ಅತಿಯಾದರೆ ಕಿಟಕಿಯ ಗಾಜಿನಲ್ಲಿ ನೀರಿಳಿದು ಬೂಷ್ಟು ಹಿಡಿಯುತ್ತದೆ.

ಬೇಸಿಗೆಯ ಎ.ಸಿ.ಯೂ ಈ ಲೆಕ್ಕದಿಂದ ಹೊರಗಿಲ್ಲ. ಅದರ ತಂಪಿನ ಕಾಯಿಲ್ ಸಾಮಾನ್ಯವಾಗಿ ಫರ್ನೇಸಿನ ನೆತ್ತಿಯ ಮೇಲೇ ಕೂತಿರುತ್ತದೆ. ಚಳಿಗಾಲದ ಬಿಸಿ ಗಾಳಿಯೂ ಅದರೊಳಗಿಂದಲೇ ಹಾಯಬೇಕು. ಬೇಸಿಗೆಯಲ್ಲಿ ಫಿಲ್ಟರ್ ಮರೆತರೆ ಒದ್ದೆ ಕಾಯಿಲಿನ ಮೇಲೆ ಕೂತ ಧೂಳು ಚಳಿಗಾಲದಲ್ಲಿ ದಾರಿ ಕಟ್ಟುತ್ತದೆ. ಹೊರಗಿನ ಘಟಕಕ್ಕೆ ಎಲೆ ಬೀಳದಂತೆ ಮೇಲ್ಭಾಗವನ್ನಷ್ಟೇ ಮುಚ್ಚಿದರೆ ಸಾಕು. ಪೂರ್ತಿ ಸುತ್ತಿದರೆ ತೇವ ಒಳಗೇ ಉಳಿದು ತುಕ್ಕು ಹಿಡಿಯುತ್ತದೆ, ಇಲಿಗಳಿಗೆ ಬೆಚ್ಚನೆಯ ಗೂಡಾಗುತ್ತದೆ. ಹೀಟ್ ಪಂಪ್ ಇರುವವರು ಮಾತ್ರ ಏನನ್ನೂ ಮುಚ್ಚಕೂಡದು. ಅದು ಚಳಿಗಾಲದಲ್ಲಿ ಹೊರಗಿನ ಗಾಳಿಯ ಶಾಖವನ್ನೇ ಒಳಗೆ ತರುವ ಯಂತ್ರ, ಅದಕ್ಕೆ ಗಾಳಿಯೇ ಶಾಖದ ಮೂಲ.

ಡಿಸೆಂಬರಿನಲ್ಲಿ ಊರಿಗೆ ಹೊರಡುವವರಿಗೆ ಒಂದು ಮಾತು. ಖಾಲಿ ಮನೆಗೆ ಬಿಸಿ ಯಾಕೆಂದು ಫರ್ನೇಸನ್ನು ಪೂರ್ತಿ ಆರಿಸಬೇಡಿ. ನೀರು ಹೆಪ್ಪುಗಟ್ಟಿದಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಮಂಜುಗಡ್ಡೆಗೂ ಮುಚ್ಚಿದ ನಲ್ಲಿಗೂ ನಡುವೆ ಸಿಕ್ಕ ನೀರಿನ ಒತ್ತಡಕ್ಕೆ ಪೈಪು ಒಡೆಯುತ್ತದೆ. ಥರ್ಮೋಸ್ಟಾಟನ್ನು 13 ಡಿಗ್ರಿಗಿಂತ, ಅಂದರೆ 55 ಫ್ಯಾರನ್‌ಹೀಟಿಗಿಂತ ಕಡಿಮೆ ಮಾಡದೆ, ನೀರಿನ ಮುಖ್ಯ ವಾಲ್ವ್ ಮುಚ್ಚಿ, ಸಿಂಕಿನ ಕೆಳಗಿನ ಬಾಗಿಲು ತೆರೆದಿಟ್ಟು ಹೊರಡಬೇಕು. ಗೋಡೆಯೊಳಗಿನ ಪೈಪನ್ನು ಕಾಯುವುದೂ ಮನೆಯ ಗಾಳಿಯೇ.

ಆಯುಧಪೂಜೆ ಬರುವುದು ಸರಿಯಾಗಿ ಈ ಹೊತ್ತಿಗೆ. ಪಿಸ್ಕಾಟವೇಯಲ್ಲಿಯೂ ಕಾರು ತೊಳೆದು ಕುಂಕುಮ ಇಡುವ ಮನೆಗಳಿವೆ. ಅದೇ ವಾರ ಬೇಸ್‌ಮೆಂಟಿಗೂ ಇಳಿದು ಫಿಲ್ಟರ್ ಬದಲಿಸಿ, ವೆಂಟಿನ ಬಾಯಿ ನೋಡಿ, ಅಲಾರಂ ಒತ್ತಿ ಪರೀಕ್ಷಿಸಿದರೆ ಐದು ತಿಂಗಳು ಹಗಲಿರುಳು ದುಡಿಯುವ ಯಂತ್ರಕ್ಕೆ ಸಲ್ಲಬೇಕಾದದ್ದು ಸಲ್ಲುತ್ತದೆ. ದುಬಾರಿ ಹೊಸ ಫರ್ನೇಸು ಕೂಡ ಗಾಳಿ ಕಟ್ಟಿದರೆ ಸೋಲುತ್ತದೆ. ಹಳೆಯದು ಗಾಳಿ ಸರಾಗವಾಗಿದ್ದರೆ ಇನ್ನೂ ಹಲವು ಚಳಿಗಾಲ ದುಡಿಯುತ್ತದೆ. ಮನೆಯವರ ಪ್ರಾಣಕ್ಕೆ ಸಂಬಂಧಿಸಿದ ಈ ಕೆಲಸವನ್ನು ಹಿಮ ಬೀಳುವ ತನಕ ಮುಂದೂಡಲು ಯಾವ ಕಾರಣವೂ ಇಲ್ಲ.